ಅಮೆರಿಕದ ಕ್ಯಾಂಪಸ್‌ನಲ್ಲೇ ದುಡಿದು ಫೀಸು ಕಟ್ಟಬಹುದಾ?

ಪ್ರತಿ ವರ್ಷ ಜೂನ್, ಜುಲೈ ಬಂತೆಂದರೆ ಊರಿನಿಂದ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. ಮಗನಿಗೋ ಮಗಳಿಗೋ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿರುತ್ತದೆ. ಬ್ಯಾಂಕಿನಲ್ಲಿ ಮನೆ ಪತ್ರ ಇಟ್ಟು ಸಾಲ ತೆಗೆದಿರುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಅಪ್ಪನೋ ಅಮ್ಮನೋ ಮೆಲ್ಲಗೆ ಕೇಳುತ್ತಾರೆ: "ಅಲ್ಲಿ ಕ್ಯಾಂಪಸ್ ಒಳಗೇ ಕೆಲಸ ಸಿಗುತ್ತಂತಲ್ಲ, ಅದರಲ್ಲೇ ಫೀಸು ಕಟ್ಕೋಬಹುದಾ?"

ಹೌದು ಅಂದರೆ ಸುಳ್ಳು ಭರವಸೆ ಕೊಟ್ಟಂತೆ. ಇಲ್ಲ ಅಂದರೆ ಅದೂ ಪೂರ್ತಿ ನಿಜ ಅಲ್ಲ. ಯಾಕೆಂದರೆ 'ಕ್ಯಾಂಪಸ್ ಕೆಲಸ' ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು ಗಂಟೆ ಲೆಕ್ಕದಲ್ಲಿ ಕೂಲಿ ಕೊಡುತ್ತದೆ. ಇನ್ನೊಂದು ಫೀಸನ್ನೇ ಮನ್ನಾ ಮಾಡುತ್ತದೆ. ಮತ್ತೊಂದು ಇರೋಕೆ ರೂಮು ಕೊಡುತ್ತದೆ. ಮೊದಲನೆಯದನ್ನೂ ಕೊನೆಯದನ್ನೂ ನಾನೇ ಮಾಡಿದ್ದೇನೆ. ನಡುವಿನದಕ್ಕಾಗಿ ಎರಡು ಸೆಮಿಸ್ಟರ್ ಅಲೆದಿದ್ದೇನೆ. ಆ ಓಡಾಟದಲ್ಲಿ ನನಗೆ ತಿಳಿದಿದ್ದು ಇಷ್ಟು: ಕೈಗೆ ಬರುವ ಡಾಲರ್‌ಗಿಂತ, ಕೈಯಿಂದ ಹೋಗದೆ ಉಳಿಯುವ ಡಾಲರ್ ದೊಡ್ಡದು.

ಮೊದಲು ಕಾನೂನು ನೋಡೋಣ. ಓದಲು ಹೋಗುವವರಲ್ಲಿ ಬಹುತೇಕರದು ಎಫ್-1 ವೀಸಾ. ಇದರಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ಮೀರದಂತೆ ಕ್ಯಾಂಪಸ್‌ನಲ್ಲಿ ಕೆಲಸ ಮಾಡಬಹುದು. ಬೇಸಿಗೆ ರಜೆ, ಚಳಿಗಾಲದ ರಜೆಯಲ್ಲಿ ಪೂರ್ತಿ ವಾರ ದುಡಿಯಬಹುದು. ಲೈಬ್ರರಿಯಲ್ಲಿ ಒಂದು, ಜಿಮ್‌ನಲ್ಲಿ ಒಂದು ಅಂತ ಎರಡು ಕೆಲಸ ಇದ್ದರೂ ಒಟ್ಟು 20 ಗಂಟೆಯೇ. ಇದು ತಿಂಗಳ ಸರಾಸರಿ ಅಲ್ಲ, ವಾರ ವಾರದ ಲೆಕ್ಕ. ಈ ವಾರ 24 ಮಾಡಿ ಮುಂದಿನ ವಾರ 16ಕ್ಕೆ ಇಳಿಸಿ ಸರಿದೂಗಿಸೋಕೆ ಆಗಲ್ಲ.

ಕ್ಯಾಂಪಸ್ ಅಂದರೆ ಯೂನಿವರ್ಸಿಟಿಯೇ ಸಂಬಳ ಕೊಡಬೇಕು ಅಂತಿಲ್ಲ. ವಿದ್ಯಾರ್ಥಿಗಳಿಗಾಗಿ ಕ್ಯಾಂಪಸ್ ಒಳಗೇ ನಡೆಯುವ ಖಾಸಗಿ ಪುಸ್ತಕದಂಗಡಿ, ಕೆಫೆಯಲ್ಲೂ ಕೆಲಸ ಮಾಡಬಹುದು. ಆದರೆ ಅದೇ ಕ್ಯಾಂಪಸ್‌ನಲ್ಲಿ ಹೊಸ ಕಟ್ಟಡ ಕಟ್ಟುತ್ತಿರುವ ಕಂಟ್ರಾಕ್ಟರ್ ಹತ್ತಿರ ಮಾಡುವಂತಿಲ್ಲ. ಅವನು ವಿದ್ಯಾರ್ಥಿಗಳಿಗೆ ನೇರವಾಗಿ ಸೇವೆ ಕೊಡುತ್ತಿಲ್ಲ, ಅದಕ್ಕೆ.

ಕೆಲಸದ ಜಾಹೀರಾತುಗಳಲ್ಲಿ 'ವರ್ಕ್-ಸ್ಟಡಿ' ಅನ್ನುವ ಮಾತು ಪದೇ ಪದೇ ಕಾಣುತ್ತದೆ. ಅದು ಹಣದ ಅಡಚಣೆ ಇರುವ ವಿದ್ಯಾರ್ಥಿಗಳಿಗೆ ಕೆಲಸ ಕೊಡಿಸಲು 1964ರಲ್ಲಿ ಶುರುವಾದ ಫೆಡರಲ್ (ಕೇಂದ್ರ) ಸರ್ಕಾರದ ಯೋಜನೆ. ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ ಮಾತ್ರ. ಆ ಮಾತು ಕಂಡರೆ ಬೇಜಾರು ಮಾಡಿಕೊಳ್ಳದೆ ಮುಂದಿನ ಜಾಹೀರಾತು ನೋಡಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಊರಾಚೆಯ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ "ಕ್ಯಾಶ್ ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಹೇಳುವವರು ನಮ್ಮ ದೇಶದವರೇ ಆಗಿರುತ್ತಾರೆ, ಅದಕ್ಕೇ ನಂಬಿಕೆ ಹುಟ್ಟುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಊಟ ಡೆಲಿವರಿ ಮಾಡುವುದೂ ಇದೇ ಸಾಲಿಗೆ ಸೇರುತ್ತದೆ. ಅನುಮತಿ ಇಲ್ಲದ ಕೆಲಸ ಮಾಡಿದರೆ ವಿದ್ಯಾರ್ಥಿ ಸ್ಥಾನಮಾನವೇ ಹೋಗುತ್ತದೆ. ಬೇರೆ ಕೆಲವು ತಪ್ಪುಗಳಿಗೆ ಅರ್ಜಿ ಹಾಕಿ ಅದನ್ನು ಮತ್ತೆ ಪಡೆಯುವ ದಾರಿ ಇದೆ. ಈ ತಪ್ಪಿಗೆ ಆ ದಾರಿಯೂ ಇಲ್ಲ.

ಗಂಟೆಗೂಲಿ

ನನ್ನ ಮೊದಲ ಕೆಲಸ ಡೈನಿಂಗ್ ಹಾಲ್‌ನ ಪಾತ್ರೆ ತೊಳೆಯುವ ಕೋಣೆಯಲ್ಲಿ. ಗೋಡೆಯ ಕಿಂಡಿಯಿಂದ ಬೆಲ್ಟ್ ಮೇಲೆ ತಟ್ಟೆಗಳು ಬರುತ್ತಲೇ ಇರುತ್ತವೆ. ಒಬ್ಬರು ಉಳಿದ ತಿಂಡಿ ಬಳಿದು ಹಾಕಬೇಕು. ಇನ್ನೊಬ್ಬರು ಮೇಲಿಂದ ಇಳಿಬಿಟ್ಟ ಪೈಪಿನಲ್ಲಿ ನೀರು ಹೊಡೆದು ರ‍್ಯಾಕಿಗೆ ಜೋಡಿಸಬೇಕು. ಮೂರನೆಯವರು ಮಷೀನಿನ ಆ ಕಡೆ ನಿಂತು ಸುಡುಸುಡುವ ತಟ್ಟೆ ಎತ್ತಿಡಬೇಕು. ಸಂಜೆ ಆರೂವರೆಯಿಂದ ಎಂಟರವರೆಗೆ ತಲೆ ಎತ್ತೋಕೆ ಪುರುಸೊತ್ತಿಲ್ಲ. ಹಬೆಗೆ ಕನ್ನಡಕ ಮಸುಕಾಗುತ್ತದೆ, ಕೈಗವಸಿನ ಒಳಗೆ ಬೆರಳು ನೆನೆದು ಬಿಳಿಚಿಕೊಳ್ಳುತ್ತವೆ. ಶಿಫ್ಟ್ ಮುಗಿದ ಮೇಲೆ ಅಲ್ಲೇ ಹೊಟ್ಟೆ ತುಂಬ ಊಟ, ಬಿಟ್ಟಿ. ಆ ಊಟವನ್ನು ಸಂಬಳದ ಭಾಗ ಅಂತಲೇ ಲೆಕ್ಕ ಹಾಕಿ. ಮಾಂಸ ಮುಟ್ಟದವರು ಮೊದಲ ದಿನವೇ ಸೂಪರ್‌ವೈಸರ್‌ಗೆ ಹೇಳಿ ಬೇಕರಿಯನ್ನೋ ಕ್ಯಾಷ್ ಕೌಂಟರನ್ನೋ ಕೇಳಬಹುದು. ಕೇಳಿದರೆ ತಪ್ಪು ತಿಳಿಯುವವರಿಲ್ಲ.

ಈ ಕೆಲಸದ ಸುದ್ದಿ ಕೇಳಿ ಅಮ್ಮ ಫೋನಿನಲ್ಲಿ ಅತ್ತರು. "ಊರವರ ಎಂಜಲು ತಟ್ಟೆ ತೊಳೆಯೋಕೆ ಕಳಿಸಿದ್ವಾ ನಿನ್ನ?" ಅಂದರು. ಪಕ್ಕದಲ್ಲಿ ಕೂತಿದ್ದ ಅಜ್ಜ ಫೋನು ಇಸಕೊಂಡರು. ಅಜ್ಜ ವಾರಾನ್ನದಲ್ಲಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಉಂಡ ಮನೆಗೆ ಬಾವಿಯಿಂದ ನೀರು ಸೇದಿ ಕೊಡುತ್ತಿದ್ದರಂತೆ. "ನಿನಗೆ ಕೂಲಿ ಕೊಡ್ತಾರಲ್ಲ, ಯಾರ ಋಣವೂ ಇಲ್ಲ. ಮಾಡು" ಅಂದರು. ಇವತ್ತಿಗೂ ಈ ಮಾತನ್ನು ನಾನು ಅಪ್ಪ-ಅಮ್ಮಂದಿರಿಗೆ ಹೇಳುತ್ತೇನೆ. ಅಲ್ಲಿ ಡಾಕ್ಟರ್ ಮಕ್ಕಳೂ ನನ್ನ ಜೊತೆ ತಟ್ಟೆ ಜೋಡಿಸುತ್ತಿದ್ದರು. ಅವರಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಈಗ ಲೆಕ್ಕ. ಅಮೆರಿಕದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಅದು ಬದಲಾಗಿಲ್ಲ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅದೇ ನಡೆಯುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ 16.50 ಡಾಲರ್ ಇತ್ತು. ಅಂದರೆ ಯಾವ ರಾಜ್ಯಕ್ಕೆ ಹೋಗುತ್ತೀರಿ ಅನ್ನುವುದರ ಮೇಲೆ ಕೂಲಿ ಎರಡು ಪಟ್ಟು ಹೆಚ್ಚು ಕಡಿಮೆ ಆಗುತ್ತದೆ. ಕೂಲಿ ಜಾಸ್ತಿ ಇರುವ ಕಡೆ ಮನೆ ಬಾಡಿಗೆಯೂ ಜಾಸ್ತಿ ಅನ್ನುವುದು ಬೇರೆ ಮಾತು. ಸುಮ್ನೆ ಲೆಕ್ಕಕ್ಕೆ ಗಂಟೆಗೆ 12 ಡಾಲರ್ ಅಂತ ಇಟ್ಕೊಳ್ಳಿ. ವಾರಕ್ಕೆ 20 ಗಂಟೆಗೆ 240 ಡಾಲರ್. 16 ವಾರದ ಸೆಮಿಸ್ಟರ್‌ಗೆ 3,840. ಎರಡು ಸೆಮಿಸ್ಟರ್‌ಗೆ 7,680. ಫೀಸು ವರ್ಷಕ್ಕೆ 28,000 ಡಾಲರ್ ಇದ್ದರೆ ಇದು ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ. ಅದೂ ಬಾಡಿಗೆ, ಊಟ, ಬಟ್ಟೆ, ಫೋನು ಯಾವುದಕ್ಕೂ ಒಂದು ಪೈಸೆ ಮುಟ್ಟದೆ ಇದ್ದರೆ! ಮೊದಲ ಸೆಮಿಸ್ಟರ್‌ನಲ್ಲಿ ಪೂರ್ತಿ 20 ಗಂಟೆ ಸಿಗುವುದೂ ಕಷ್ಟ. ನನಗೆ ಸಿಕ್ಕಿದ್ದು 11.

ಗಂಟೆಗೂಲಿ ಹೊಟ್ಟೆ-ಬಟ್ಟೆ ನೋಡಿಕೊಳ್ಳುತ್ತದೆ. ಫೀಸಿನ ಹತ್ತಿರ ಹೋಗುವುದಿಲ್ಲ. ಆದ್ದರಿಂದಲೇ ವೀಸಾಕ್ಕೆ ಬೇಕಾಗುವ, ಯೂನಿವರ್ಸಿಟಿ ಕೊಡುವ ಐ-20 ಪತ್ರಕ್ಕೆ ಹಣದ ಪುರಾವೆ ತೋರಿಸುವಾಗ "ಅಲ್ಲಿ ಹೋಗಿ ಕೆಲಸ ಮಾಡ್ತೀನಿ" ಅನ್ನುವುದು ನಡೆಯುವುದಿಲ್ಲ. ವೀಸಾ ಸಂದರ್ಶನದಲ್ಲೂ ಅಷ್ಟೇ. ಆದರೆ ಯೂನಿವರ್ಸಿಟಿಯೇ ಕೊಟ್ಟ, ಮುಂದೆ ಹೇಳಲಿರುವ ಅಸಿಸ್ಟೆಂಟ್‌ಶಿಪ್ ಪತ್ರ ಇದ್ದರೆ ಆ ಮೊತ್ತ ಐ-20ರಲ್ಲೇ ಅಚ್ಚಾಗಿ ಬರುತ್ತದೆ.

ಫೀಸೇ ಮನ್ನಾ ಆಗುವ ಕೆಲಸ

ಫೀಸಿನ ಭಾರ ನಿಜವಾಗಿ ಇಳಿಸುವುದು ಅಸಿಸ್ಟೆಂಟ್‌ಶಿಪ್. ಹೆಸರು ಮೂರು. ಪಾಠಕ್ಕೆ ನೆರವಾದರೆ ಟೀಚಿಂಗ್ ಅಸಿಸ್ಟೆಂಟ್, ಪ್ರೊಫೆಸರ್‌ನ ಸಂಶೋಧನೆಗೆ ನೆರವಾದರೆ ರಿಸರ್ಚ್ ಅಸಿಸ್ಟೆಂಟ್, ಕಚೇರಿ ಕೆಲಸವಾದರೆ ಗ್ರಾಜುಯೇಟ್ ಅಸಿಸ್ಟೆಂಟ್. ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಇದಕ್ಕೆ ತಿಂಗಳ ಸ್ಟೈಪೆಂಡ್ ಬರುತ್ತದೆ, ಜೊತೆಗೆ ಟ್ಯೂಷನ್ ಮನ್ನಾ ಆಗುತ್ತದೆ. ಕೆಲವು ಕಡೆ ಆರೋಗ್ಯ ವಿಮೆಯೂ ಸೇರಿರುತ್ತದೆ.

ಮೇಲಿನ ಲೆಕ್ಕವನ್ನೇ ಮತ್ತೆ ಹಾಕೋಣ. 28,000 ಡಾಲರ್ ಫೀಸು ಮನ್ನಾ ಆಯಿತು. ತಿಂಗಳಿಗೆ 1,500ರಂತೆ ಒಂಬತ್ತು ತಿಂಗಳಿಗೆ 13,500 ಕೈಗೆ ಬಂತು. ಎರಡೂ ಸೇರಿ 41,500. ಅದೇ ವಾರಕ್ಕೆ 20 ಗಂಟೆ, ಡೈನಿಂಗ್ ಹಾಲ್‌ಗೆ ಹೋಲಿಸಿದರೆ ಐದು ಪಟ್ಟಿಗಿಂತ ಹೆಚ್ಚು. ಒಂದೇ ಕ್ಯಾಂಪಸ್‌ನಲ್ಲಿ, ಒಂದೇ ಕ್ಲಾಸಿನಲ್ಲಿ ಕೂತ ಇಬ್ಬರ ಸಾಲದ ಭಾರ ಅಷ್ಟು ಬೇರೆ ಆಗುವುದು ಹೀಗೆ.

ಯಾರಿಗೆ ಸಿಗುತ್ತದೆ? ಪಿಎಚ್‌.ಡಿ.ಗೆ ಸೇರುವವರಿಗೆ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಬಹುಮಟ್ಟಿಗೆ ಪ್ರವೇಶದ ಜೊತೆಗೇ ಬರುತ್ತದೆ. ಎಂ.ಎಸ್.ನವರಿಗೆ ಖಾತರಿ ಇಲ್ಲ. ದೊಡ್ಡ ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ಸ್ಪರ್ಧೆ ಬಿರುಸು. ಇಲ್ಲಿ ಹಣ ಎಲ್ಲಿಂದ ಬರುತ್ತದೆ ಅನ್ನುವುದು ತಿಳಿದರೆ ಹುಡುಕೋದು ಸುಲಭ. ಟೀಚಿಂಗ್ ಅಸಿಸ್ಟೆಂಟ್‌ಗೆ ವಿಭಾಗ ಕೊಡುತ್ತದೆ. ಆ ಜಾಗಗಳು ಸೆಮಿಸ್ಟರ್ ಶುರುವಾಗುವ ಮೊದಲೇ ತುಂಬಿರುತ್ತವೆ. ರಿಸರ್ಚ್ ಅಸಿಸ್ಟೆಂಟ್‌ಗೆ ಪ್ರೊಫೆಸರ್ ಸಂಶೋಧನೆಗೆಂದು ತನಗೆ ಬಂದ ಗ್ರ್ಯಾಂಟಿನಿಂದ ಕೊಡುತ್ತಾರೆ. ಗ್ರ್ಯಾಂಟ್ ಯಾವಾಗ ಬಂತೋ ಆವಾಗ ಜಾಗ ಹುಟ್ಟುತ್ತದೆ, ಅಕ್ಟೋಬರ್ ಆಗಲಿ ಮಾರ್ಚ್ ಆಗಲಿ. ಹಾಗಾಗಿ ಒಂದು ಸಲ ಇಲ್ಲ ಅಂದ ಪ್ರೊಫೆಸರನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಕೇಳೋಕೆ ಸಂಕೋಚ ಬೇಡ.

ನಾನು ಮಾಡಿದ ತಪ್ಪು, ನನ್ನದೇ ವಿಭಾಗದ ಬಾಗಿಲನ್ನಷ್ಟೇ ತಟ್ಟಿದ್ದು. ನನ್ನ ರೂಮ್‌ಮೇಟ್ ಕಂಪ್ಯೂಟರ್ ಓದುತ್ತಿದ್ದರೂ ಕೃಷಿ ವಿಭಾಗಕ್ಕೆ ಹೋಗಿ, ಮಣ್ಣಿನ ತೇವದ ದತ್ತಾಂಶ ಸರಿಪಡಿಸುವ ಕೆಲಸ ಹಿಡಿದ. ಅಲ್ಲಿ ಪ್ರೋಗ್ರಾಂ ಬರೆಯಬಲ್ಲವರು ಕಡಿಮೆ, ಕೇಳಿಕೊಂಡು ಬಂದವರೂ ಕಡಿಮೆ. ಎರಡನೇ ಸೆಮಿಸ್ಟರ್‌ಗೇ ಅವನ ಟ್ಯೂಷನ್ ಮನ್ನಾ ಆಯಿತು. ಶಿಕ್ಷಣ ವಿಭಾಗ, ಸಾರ್ವಜನಿಕ ಆರೋಗ್ಯ, ಲೈಬ್ರರಿ, ಕ್ರೀಡಾ ಕಚೇರಿ, ಎಲ್ಲ ಕಡೆ ಲೆಕ್ಕಪತ್ರ, ವೆಬ್‌ಸೈಟ್, ಡೇಟಾ ನೋಡುವವರು ಬೇಕಾಗುತ್ತಾರೆ. ಪಾಠ ಮಾಡುವ ಕೆಲಸ ಬೇಕಿದ್ದರೆ ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ನ ಸ್ಪೀಕಿಂಗ್ ಅಂಕ ಚೆನ್ನಾಗಿರಲಿ. ಹಲವು ಯೂನಿವರ್ಸಿಟಿಗಳು ವಿದೇಶಿ ವಿದ್ಯಾರ್ಥಿಗೆ ಕ್ಲಾಸು ಕೊಡುವ ಮೊದಲು ಅದನ್ನೇ ನೋಡುತ್ತವೆ.

ಪತ್ರ ಕೈಗೆ ಬಂದಾಗ ಖುಷಿಯಲ್ಲಿ ಸಹಿ ಹಾಕುವ ಮೊದಲು ನಿಧಾನವಾಗಿ ಓದಿ. ಮನ್ನಾ ಪೂರ್ತಿಯೋ ಅರ್ಧವೋ? ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೊರ ರಾಜ್ಯದವರಿಗೆ ಒಂದು ದರ, ಆ ರಾಜ್ಯದವರಿಗೆ ಕಡಿಮೆ ದರ ಇರುತ್ತದೆ. ಕೆಲವು ಅಸಿಸ್ಟೆಂಟ್‌ಶಿಪ್‌ಗಳು ಈ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಬಿಡುತ್ತವೆ. ಇನ್ನು ಟ್ಯೂಷನ್ ಬೇರೆ, 'ಫೀಸ್' ಬೇರೆ. ತಂತ್ರಜ್ಞಾನ ಶುಲ್ಕ, ಆರೋಗ್ಯ ಕೇಂದ್ರದ ಶುಲ್ಕ, ವಿದೇಶಿ ವಿದ್ಯಾರ್ಥಿ ಶುಲ್ಕ ಅಂತ ಹತ್ತು ಹೆಸರಿನಲ್ಲಿ ಬರುವ ಬಿಲ್ಲು ಮನ್ನಾದಲ್ಲಿ ಸೇರಿರುವುದಿಲ್ಲ. ಸ್ಟೈಪೆಂಡಿನ ಮೊದಲ ಎರಡು ತಿಂಗಳು ಅದಕ್ಕೇ ಹೋಗಿಬಿಡಬಹುದು. 'ಗ್ರೇಡರ್' ಅನ್ನುವ ಕೆಲಸ ಕೇಳೋಕೆ ಇದೇ ಥರ ಇದ್ದರೂ ಹೆಚ್ಚಿನ ಕಡೆ ಅದು ಬರೀ ಗಂಟೆಗೂಲಿ, ಮನ್ನಾ ಇಲ್ಲ. ಮತ್ತೆ 20 ಗಂಟೆಯ ಅಸಿಸ್ಟೆಂಟ್‌ಶಿಪ್ ಸಿಕ್ಕ ಮೇಲೆ ಡೈನಿಂಗ್ ಹಾಲ್ ಬಿಡಲೇಬೇಕು. ವಾರದ ಮಿತಿ ಅಲ್ಲಿಗೆ ಮುಗಿಯಿತು.

ಈ ಸ್ಟೈಪೆಂಡ್ ಧಾರಾಳವೇನೂ ಅಲ್ಲ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಕ್ಯಾಂಪಸ್‌ಗಳಲ್ಲಿ ಸುಮಾರು 48,000 ಮಂದಿ ಮುಷ್ಕರ ಹೂಡಿದರು. ಪಾಠ ಮಾಡುವ, ಸಂಶೋಧನೆ ಮಾಡುವ ವಿದ್ಯಾರ್ಥಿಗಳೇ ಅವರಲ್ಲಿ ಹೆಚ್ಚು. ಬಾಡಿಗೆ ಕಟ್ಟಿ ಉಳಿಯುವ ದುಡ್ಡಿನಲ್ಲಿ ಬದುಕೋಕೆ ಆಗುತ್ತಿಲ್ಲ ಅನ್ನುವುದೇ ಅವರ ದೂರು. ಅವರ ಸಿಟ್ಟು ನ್ಯಾಯವಾದದ್ದು ಅಂತ ನನಗೆ ಅನಿಸುತ್ತದೆ. ಯೂನಿವರ್ಸಿಟಿಯ ಪಾಠ, ಲ್ಯಾಬು ನಡೆಯುವುದೇ ಈ ಕೈಗಳಿಂದ.

ರೂಮು ಕೊಡುವ ಕೆಲಸ

ಆರ್‌ಎ ಅನ್ನುವ ಎರಡಕ್ಷರಕ್ಕೆ ಅಮೆರಿಕದ ಕ್ಯಾಂಪಸ್‌ನಲ್ಲಿ ಎರಡು ಅರ್ಥ. ಒಂದು ಮೇಲೆ ಹೇಳಿದ ರಿಸರ್ಚ್ ಅಸಿಸ್ಟೆಂಟ್. ಇನ್ನೊಂದು ರೆಸಿಡೆಂಟ್ ಅಸಿಸ್ಟೆಂಟ್. ಹಾಸ್ಟೆಲಿನ ಒಂದು ಮಹಡಿಯನ್ನು ನೋಡಿಕೊಳ್ಳುವ ವಿದ್ಯಾರ್ಥಿ. ನಮ್ಮ ಕಡೆಯ ವಾರ್ಡನ್ ಅಲ್ಲ, ಜೊತೆಯಲ್ಲೇ ಇರುವ ಅಣ್ಣನೋ ಅಕ್ಕನೋ ಅಂದುಕೊಳ್ಳಿ. ಪ್ರತಿಫಲವಾಗಿ ರೂಮು ಉಚಿತ, ಹಲವು ಕಡೆ ಊಟವೂ ಉಚಿತ, ಜೊತೆಗೆ ಸಣ್ಣ ಮೊತ್ತ. ಹೆಚ್ಚಾಗಿ ಇದು ಪದವಿ ವಿದ್ಯಾರ್ಥಿಗಳಿಗೆ. ನಾನಿದ್ದಲ್ಲಿ ಸ್ನಾತಕೋತ್ತರದವರನ್ನೂ ತೆಗೆದುಕೊಳ್ಳುತ್ತಿದ್ದರು. ರೂಮು, ಊಟ ಸೇರಿ ವರ್ಷಕ್ಕೆ 12,000 ಡಾಲರ್ ಅಂತ ಇಟ್ಕೊಂಡರೂ ಅದು ಡೈನಿಂಗ್ ಹಾಲ್‌ನ ಒಂದೂವರೆ ವರ್ಷದ ಕೂಲಿ.

ಕೆಲಸ ಏನು? ಸರದಿಯ ರಾತ್ರಿ ಡ್ಯೂಟಿ ಫೋನು ನಿಮ್ಮ ಕೈಯಲ್ಲಿ. ರಾತ್ರಿ ಎರಡು ಮೂರು ಸಲ ಪ್ರತಿ ಮಹಡಿ ಸುತ್ತಬೇಕು. ಬೀಗದ ಕೈ ಮರೆತವನಿಗೆ ಬಾಗಿಲು ತೆಗೆಯಬೇಕು. ಕೋಣೆ ಹಂಚಿಕೊಂಡ ಇಬ್ಬರಿಗೆ ಜಗಳ ಬಂದರೆ ಕೂರಿಸಿ ಮಾತಾಡಿಸಬೇಕು. ಒಂದು ರಾತ್ರಿ ಎರಡೂವರೆಗೆ ಬೆಂಕಿ ಅಲಾರಂ ಹೊಡೆಯಿತು. ಹೊರಗೆ ಮೈನಸ್ ಡಿಗ್ರಿ ಚಳಿ. ಇನ್ನೂರು ಜನ ಕಂಬಳಿ ಹೊದ್ದು ಹಿಮದಲ್ಲಿ ನಿಂತರು. ಅಗ್ನಿಶಾಮಕದವರು ಬಂದು ನೋಡಿದರೆ ನಾಲ್ಕನೇ ಮಹಡಿಯ ಸಾಮೂಹಿಕ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ! ನಮ್ಮ ಕಡೆಯ ಹುಡುಗಿ, ಬಂದು ಎರಡು ವಾರ ಆಗಿತ್ತು, ಹಸಿವಾಗಿ ಸಾರು ಮಾಡೋಕೆ ಹೊರಟಿದ್ದಳು. ಗಡಗಡ ನಡುಗುತ್ತಾ ಅಳುತ್ತಿದ್ದಳು. ಅವಳ ಹತ್ತಿರ ಹೋಗಿ ಕನ್ನಡದಲ್ಲಿ "ಏನೂ ಆಗಲ್ಲ ಬಾ, ನನ್ನ ಜಾಕೆಟ್ ಹಾಕ್ಕೋ" ಅಂದಾಗ ಅವಳ ಮುಖದಲ್ಲಿ ಬಂದ ನೆಮ್ಮದಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಕೆಲಸದ ತಿರುಳು ಅದೇ.

ಭಾರವೂ ಇದೆ. ಲೈಂಗಿಕ ಕಿರುಕುಳದಂಥ ವಿಷಯ ಯಾರಾದರೂ ನಿಮ್ಮಲ್ಲಿ ಹೇಳಿಕೊಂಡರೆ ಸಾಮಾನ್ಯವಾಗಿ ಅದನ್ನು ಗುಟ್ಟಾಗಿ ಇಡುವಂತಿಲ್ಲ, ಮೇಲಿನವರಿಗೆ ತಿಳಿಸಲೇಬೇಕು. ಮೊದಲೇ ಅದನ್ನು ಹೇಳಿ ಎಚ್ಚರಿಸಬೇಕು. ಇನ್ನೊಂದು, ಕೆಲಸವೂ ಮನೆಯೂ ಒಂದೇ ಹಗ್ಗಕ್ಕೆ ಕಟ್ಟಿರುತ್ತವೆ. ಅಂಕ ಕುಸಿದು ಕೆಲಸ ಹೋದರೆ ಕೆಲವೇ ದಿನದಲ್ಲಿ ರೂಮೂ ಬಿಡಬೇಕು. ಪರೀಕ್ಷೆ ಹೊತ್ತಿನಲ್ಲಿ ಹಾಗಾದರೆ ಎಲ್ಲಿಗೆ ಹೋಗೋದು? ಅದಕ್ಕೇ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಬೇರೆ ಇಟ್ಟಿರಿ. ಹಲವು ಯೂನಿವರ್ಸಿಟಿಗಳು ಈ ಕೆಲಸದ ಗಂಟೆಗಳನ್ನೂ ವಾರದ 20ರಲ್ಲಿ ಎಣಿಸುತ್ತವೆ. ಬೇರೆ ಕೆಲಸ ಹಿಡಿಯುವ ಮೊದಲು ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ. ಸ್ನಾತಕೋತ್ತರದವರಿಗೆ ಕೆಲವು ಕಡೆ 'ಗ್ರಾಜುಯೇಟ್ ಹಾಲ್ ಡೈರೆಕ್ಟರ್' ಅನ್ನುವ ಹುದ್ದೆ ಇದೆ. ಮನೆ, ಟ್ಯೂಷನ್ ಮನ್ನಾ, ಸ್ಟೈಪೆಂಡ್ ಮೂರೂ ಒಟ್ಟಿಗೆ. ನಮ್ಮ ಹುಡುಗರು ಅದರ ಹೆಸರೇ ಕೇಳಿರುವುದಿಲ್ಲ.

ಪಿಯುಸಿ ಮುಗಿಸಿ ನೇರವಾಗಿ ಹೋಗಬೇಕು ಅನ್ನುವವರು ಕೆಂಟಕಿಯ ಬೆರಿಯಾ ಕಾಲೇಜಿನ ಬಗ್ಗೆ ತಿಳಿದಿರಬೇಕು. 1855ರಲ್ಲಿ ಶುರುವಾದ ಕಾಲೇಜು. 1892ರಿಂದ ಯಾರಿಂದಲೂ ಟ್ಯೂಷನ್ ಪಡೆದಿಲ್ಲ. ಅದರ ಬದಲು ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು. ಪೊರಕೆ ಕಟ್ಟುವುದು, ಮಗ್ಗ, ಮರಗೆಲಸ, ತೋಟ, ಕಾಲೇಜಿನದೇ ಹೋಟೆಲು, ಕಚೇರಿ. ಬಡ ಮನೆಯ ಮಕ್ಕಳಿಗಾಗಿಯೇ ಇರುವ ಜಾಗ ಅದು. ವಿದೇಶಿಯರನ್ನು ವರ್ಷಕ್ಕೆ ಕೆಲವೇ ಮಂದಿ ತೆಗೆದುಕೊಳ್ಳುತ್ತಾರೆ, ಸ್ಪರ್ಧೆ ಕಠಿಣ. ಆದರೂ ಅರ್ಜಿ ಹಾಕದೆ ಬಿಡಬೇಡಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಕೆಲಸದ ಪತ್ರ ಬಂದ ಮೇಲೆ, ವಿದೇಶಿ ವಿದ್ಯಾರ್ಥಿ ಕಚೇರಿಯ ಪತ್ರದ ಜೊತೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ (ದುಡಿಯುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಅರ್ಜಿ ಹಾಕಿ. ದೇಶಕ್ಕೆ ಬಂದು ಹತ್ತು ದಿನ ಕಳೆದ ಮೇಲೆ ಹೋಗುವುದು ಒಳ್ಳೆಯದು. ಎಫ್-1 ವಿದ್ಯಾರ್ಥಿಗಳಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಎರಡರ 7.65 ಶೇಕಡಾ ಕಡಿತ ಇಲ್ಲ. ಸಂಬಳದ ಚೀಟಿಯಲ್ಲಿ ಕಡಿದಿದ್ದರೆ ವಾಪಸ್ ಕೇಳಿ. ತೆರಿಗೆಗೆ 1040-ಎನ್‌ಆರ್ ಫಾರಂ, ಜೊತೆಗೆ 8843. ದುಡಿಯದಿದ್ದರೂ 8843 ಕೊಡಬೇಕು. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕ ಹಾಕುವ ಮೊದಲೇ ಆದಾಯದಿಂದ ಕಳೆಯುವ ಮೊತ್ತ) ಕೊಡುತ್ತದೆ. ಬೇರೆ ದೇಶಗಳ ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಇದಿಲ್ಲ. 2024ರ ಆದಾಯಕ್ಕೆ ಅದು 14,600 ಡಾಲರ್ ಇತ್ತು. ಅಂದರೆ 13,500 ಡಾಲರ್ ಸ್ಟೈಪೆಂಡ್ ಬಿಟ್ಟು ಬೇರೆ ಆದಾಯ ಇಲ್ಲದವರಿಗೆ ಫೆಡರಲ್ ತೆರಿಗೆ ಸೊನ್ನೆ. ಗೊತ್ತಿಲ್ಲದೆ ಎಷ್ಟೋ ಮಂದಿ ಈ ದುಡ್ಡು ಬಿಟ್ಟುಕೊಡುತ್ತಾರೆ.

ಊರಿನಿಂದ ಫೋನ್ ಮಾಡುವ ಅಪ್ಪ-ಅಮ್ಮಂದಿರಿಗೆ ನಾನು ಮೊದಲು ಹೇಳುವುದು, ಒಂದನೇ ವರ್ಷದ ಫೀಸನ್ನು ಸಾಲದಿಂದಲೇ ಕಟ್ಟುವ ಹಾಗೆ ಲೆಕ್ಕ ಇಡಿ ಅಂತ. ಮಗುವಿಗೆ ಹೇಳುವುದು ತಿಂಗಳುಗಳ ಲೆಕ್ಕ. ಡೈನಿಂಗ್ ಹಾಲ್ ಕೆಲಸಕ್ಕೆ ಆಗಸ್ಟ್‌ನಲ್ಲಿ ಇಳಿದ ವಾರವೇ ಅರ್ಜಿ ಹಾಕು, ಸೆಪ್ಟೆಂಬರ್‌ಗೆ ಜಾಗ ತುಂಬಿರುತ್ತದೆ. ಪ್ರೊಫೆಸರ್‌ಗಳ ಕ್ಲಾಸಿನಲ್ಲಿ ಮುಂದೆ ಕೂತು ಮುಖ ಪರಿಚಯ ಮಾಡಿಕೋ, ಅಕ್ಟೋಬರ್‌ನಲ್ಲಿ ಹೋಗಿ ಕೇಳು. ಹಾಸ್ಟೆಲ್ ಆರ್‌ಎ ಹುದ್ದೆಗೆ ಮುಂದಿನ ವರ್ಷದ ಅರ್ಜಿ ಬಹಳಷ್ಟು ಕಡೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಬಂದು ಹೋಗುತ್ತದೆ. ಆಗ ಎಲ್ಲರೂ ಪರೀಕ್ಷೆಯ ಗಡಿಬಿಡಿಯಲ್ಲಿ ಇರುತ್ತಾರೆ, ನೋಟಿಸು ಕಣ್ಣಿಗೆ ಬೀಳುವುದಿಲ್ಲ. ವಸತಿ ಕಚೇರಿಗೆ ನೀನೇ ನಡೆದು ಹೋಗಿ ತಾರೀಖು ಬರೆದುಕೊಂಡು ಬಾ.